ಪಾಕೀಟು ಹರಿಯುವ ಮುನ್ನ

ಜಮಖಂಡಿಯ ಹಳೆಯ ಮನೆಯೊಂದರ ಟ್ರಂಕಿನಲ್ಲಿ ಎಂಬತ್ತು ವರ್ಷದ ಟಪಾಲು ಉಳಿದಿದೆ ಅನ್ನಿ. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ನಾಲ್ಕು ಸಲ ಬದಲಾಗಿದೆ. 1948ರ ಮಾರ್ಚ್ 8ಕ್ಕಿಂತ ಮೊದಲಿನ ಪಾಕೀಟಿನ ಮೇಲೆ ಜಮಖಂಡಿ ಸಂಸ್ಥಾನ. ಅದಾದ ಮೇಲೆ ಮುಂಬಯಿ ರಾಜ್ಯ, ವಿಜಾಪುರ ಜಿಲ್ಲೆ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. 1973ರ ನವೆಂಬರ್ 1ರಿಂದ ಕರ್ನಾಟಕ. 1997ರಿಂದ ಬಾಗಲಕೋಟೆ ಜಿಲ್ಲೆ. ಮೂಲೆಯ ಸ್ಟ್ಯಾಂಪೂ ಅದರ ಜೊತೆಗೇ ಬದಲಾಗುತ್ತ ಬಂದಿದೆ: ಆರನೆಯ ಜಾರ್ಜ್ ದೊರೆ, ಸಾಂಚಿಯ ಸ್ತೂಪ, ಭಾರತದ ನಕಾಶೆ, ಹತ್ತಿಯ ಗಿಡ.

ನಮ್ಮ ಸೀಮೆಯಲ್ಲಿ ಅಂಚೆಚೀಟಿ ಸಂಗ್ರಹ ಶುರು ಮಾಡಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಪೇಟೆಯಿಂದ ಬಣ್ಣಬಣ್ಣದ ವಿದೇಶಿ ಸ್ಟ್ಯಾಂಪಿನ ಪುಡಿಕೆ ತರುವ ಮೊದಲು ಮನೆಯ ಟ್ರಂಕು ತೆಗೆಯಿರಿ. ತೆಗೆದ ಮೇಲೆ ಸ್ಟ್ಯಾಂಪಿನ ಆಸೆಗೆ ಪಾಕೀಟು ಹರಿಯಬೇಡಿ. ಹಂಗೇರಿಯ ಚಿಟ್ಟೆ, ಮಂಗೋಲಿಯಾದ ಕುದುರೆ ಯಾವ ಊರಿನ ಯಾವ ಹುಡುಗನಿಗಾದರೂ ಸಿಗುತ್ತವೆ. ನಿಮ್ಮ ಮುತ್ಯಾನ ಹೆಸರಿಗೆ ಸೊಲ್ಲಾಪುರದಿಂದ ಬಂದ ನೂಲಿನ ವ್ಯಾಪಾರಿಯ ಕಾಗದ ಜಗತ್ತಿನಲ್ಲಿ ಒಂದೇ ಒಂದು. ಮನೆತನದಲ್ಲಿ ಕೈಯಿಂದ ಕೈಗೆ ದಾಟಿಸಬೇಕಾದದ್ದು ಅದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಊರುಗಳ ನೆಲದ ಇತಿಹಾಸ ಟಪಾಲು ಕೂಡಿಸುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಬ್ರಿಟಿಷ್ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯದು. ಇಂದು ಒಂದೇ ನಗರಸಭೆ, ಒಂದೇ ತಾಲ್ಲೂಕು ಆಗಿರುವ ರಬಕವಿ-ಬನಹಟ್ಟಿಯಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ನಡೆದು ಹೋಗುವಷ್ಟು ಹತ್ತಿರದ ಎರಡು ನೇಕಾರರ ಊರುಗಳಿಗೆ ಇಬ್ಬರು ಸಂಸ್ಥಾನಿಕರು, ಎರಡು ಕಚೇರಿ, ಎರಡು ಬಗೆಯ ಕೋರ್ಟು ಕಾಗದ. ಇಷ್ಟು ವೈವಿಧ್ಯ ದೊಡ್ಡ ದೊಡ್ಡ ಪಟ್ಟಣಗಳಿಗೂ ಇಲ್ಲ.

ಹಾಗಾದರೆ ನಮ್ಮ ಸಂಸ್ಥಾನಿಕರು ತಮ್ಮದೇ ಅಂಚೆಚೀಟಿ ಹೊರಡಿಸಿದ್ದರೇ? ಬಹಳ ಜನ ಕೇಳುವ ಪ್ರಶ್ನೆ. ಇಲ್ಲ. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಪುಣೆ ಹತ್ತಿರದ ಭೋರ್ ಸಂಸ್ಥಾನಗಳು ಹೊರಡಿಸಿದವು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಮೈಸೂರು ಅಂಚೆ ಇನ್ನೂರು ವರ್ಷ ಮೀರಿ ನಡೆದರೂ ಅಂಟಿಸುವ ಚೀಟಿ ಮಾಡದೆಯೇ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾಯಿತು. ಜಮಖಂಡಿ, ಮುಧೋಳ, ಸಾಂಗಲಿಗಳಲ್ಲಿ ಟಪಾಲು ಬ್ರಿಟಿಷರ ಇಲಾಖೆಯದೇ ಆದ್ದರಿಂದ ಕಾಗದದ ಮೇಲೆ ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಮತ್ತು ಆರನೆಯ ಜಾರ್ಜ್ ಇವರ ಮುಖಗಳೇ ಸಿಗುತ್ತವೆ. ಆದರೆ ಇದೇ ಸಂಸ್ಥಾನಗಳು ತಮ್ಮ ಹೆಸರಿನಲ್ಲೇ ಕೋರ್ಟ್ ಫೀ ಸ್ಟ್ಯಾಂಪು ಅಚ್ಚು ಹಾಕಿಸಿದ್ದವು. ಫಿರ್ಯಾದಿ, ಕರಾರುಪತ್ರ, ಸಾಲದ ಕಾಗದಗಳ ಮೇಲೆ ಅವು ಕೂತಿರುತ್ತವೆ. ನಮ್ಮ ಊರಿನ ಹೆಸರು ಹೊತ್ತ ಸ್ಟ್ಯಾಂಪು ಬೇಕೆಂದರೆ ಹುಡುಕಬೇಕಾದದ್ದು ಅಲ್ಲಿ. ಅಮೆರಿಕದ ಅಡಾಲ್ಫ್ ಕೊಪ್ಪೆಲ್ ಮತ್ತು ರೇಮಂಡ್ ಮ್ಯಾನರ್ಸ್ ಇಂಥವಕ್ಕೆಂದೇ ದೊಡ್ಡ ಕೆಟಲಾಗು ಮಾಡಿದ್ದಾರೆ. ಈ ಕವಲನ್ನು ಹಿಡಿದವರು ನಮ್ಮಲ್ಲಿ ಕಡಿಮೆ, ಹಿಡಿಯಬೇಕಾದವರು ನಾವೇ.

ಒಂದು ಎಚ್ಚರಿಕೆ. ಹೊಲಮನೆಯ ಕಾಗದದಿಂದ ಕೋರ್ಟ್ ಫೀ ಚೀಟಿಯನ್ನು ಕತ್ತರಿಸಿ ತೆಗೆಯಬಾರದು. ಆ ಕಾಗದಕ್ಕೆ ಇವತ್ತಿಗೂ ಕಾನೂನಿನ ಬೆಲೆ ಇರಬಹುದು. ಜೊತೆಗೆ ಚೀಟಿ, ಅದರ ಮೇಲಿನ ಶಿಕ್ಕಾ, ಸುತ್ತಲಿನ ಬರಹ ಮೂರೂ ಕೂಡಿದ್ದಾಗಲೇ ಅದರಲ್ಲಿ ಓದುವುದಕ್ಕೆ ಏನಾದರೂ ಇರುತ್ತದೆ. ಮೋಡಿ ಲಿಪಿಯಲ್ಲಿದೆ, ನಮಗೆ ತಿಳಿಯದು ಎಂದು ರದ್ದಿಗೆ ಹಾಕಿದ ದಪ್ತರಗಳ ಲೆಕ್ಕ ಇಟ್ಟವರಿಲ್ಲ. ತಿಳಿಯದಿದ್ದರೆ ಕಟ್ಟಿ ಇಡಿ. ಓದುವವರು ಸಿಗುತ್ತಾರೆ.

ಇನ್ನು ಟ್ರಂಕು ತೆಗೆದಾಗ ಏನು ಮಾಡಬೇಕು? ಮೊದಲ ದಿನ ಏನನ್ನೂ ಬಿಡಿಸಬೇಡಿ, ತೊಳೆಯಬೇಡಿ. ಯಾರ ಕಾಗದದ ಜೊತೆ ಯಾರದು ಕಟ್ಟಿದೆ ಎನ್ನುವುದೂ ಒಂದು ಮಾಹಿತಿಯೇ. ಕಟ್ಟುಗಳನ್ನು ಹಾಗೇ ಇಟ್ಟು ಪ್ರತಿ ಕಟ್ಟಿನ ಮೇಲೆ ಒಂದು ಚೀಟಿ ಬರೆಯಿರಿ: ಎಲ್ಲಿ ಸಿಕ್ಕಿತು, ಯಾರದಿರಬಹುದು. ಮನೆಯ ಹಿರಿಯರು ಪಕ್ಕದಲ್ಲಿ ಕೂತಿದ್ದಾಗ ಈ ಕೆಲಸ ಆಗಬೇಕು. ಅಕ್ಷರ ನೋಡಿದ ಕೂಡಲೇ ಇದು ಹುಬ್ಬಳ್ಳಿ ಕಾಕಾನ ಕೈ ಎಂದು ಹೇಳುವವರು ಅವರೊಬ್ಬರೇ.

ನಮ್ಮ ಮನೆಯಲ್ಲಿ ಈ ಹವ್ಯಾಸ ಮುತ್ಯಾನಿಂದ ಅಪ್ಪನಿಗೆ, ಅಪ್ಪನಿಂದ ನಮಗೆ ಬಂದದ್ದು. ಈಗ ಅಣ್ಣನ ಮಗಳು ಹಿಡಿದಿದ್ದಾಳೆ. ಅಪ್ಪನ ಜೊತೆ ಕಾರ್ಡು ಜೋಡಿಸುತ್ತಿದ್ದಾಗ ಅವಳು ಕೇಳಿದಳು:

“ಮುತ್ಯಾ, ಎಲ್ಲಾ ಕಾರ್ಡಿಗೂ ನಟ್ಟನಡುವ ತೂತು ಯಾಕ ಐತಿ?”

“ತಂತಿಗಿ ಪೋಣಸ್ತಿದ್ವಿ ಅವ್ವಿ. ಓದಿ ಮುಗಿದ ಮ್ಯಾಲ ಬಾಗಲದ ಹಿಂದ ತಂತ್ಯಾಗ ಹಾಕೂದು. ಕೆಳಗಿಂದು ಹಳೇದು, ಮ್ಯಾಲಿಂದು ಹೊಸಾದು.”

ಆ ತೂತನ್ನು ಕೊರತೆ ಎಂದು ತಿಳಿದು ಅಂಥ ಕಾರ್ಡು ಎಸೆಯುವವರಿದ್ದಾರೆ. ತಂತಿಯಲ್ಲಿ ಉಳಿದ ಕಾರ್ಡುಗಳೇ ತಾರೀಖಿನ ಸಾಲಿನಲ್ಲಿ ಉಳಿದಿರುತ್ತವೆ, ಎಸೆಯಬೇಡಿ. ಇನ್ನೊಂದು ಮಾತು: ಕಾರ್ಡು ಮತ್ತು ಇನ್‌ಲ್ಯಾಂಡಿನ ಸ್ಟ್ಯಾಂಪು ಅಂಟಿಸಿದ್ದಲ್ಲ, ಕಾಗದದ ಮೇಲೇ ಅಚ್ಚಾದದ್ದು. ಅದನ್ನು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದರೆ ಎರಡೂ ಹಾಳು. ಭಾರತದಲ್ಲಿ ಕಾರ್ಡು ಶುರುವಾದದ್ದು 1879ರ ಜುಲೈ 1ರಂದು, ಕಾಲಾಣೆ ದರಕ್ಕೆ. ಇನ್‌ಲ್ಯಾಂಡ್ ಬಂದದ್ದು 1950ರ ಅಕ್ಟೋಬರ್ 2ರಂದು. ಇವನ್ನು ಇಡಿಯಾಗಿಯೇ ಇಡಬೇಕು.

ತಾರೀಖು ಅಳಿಸಿಹೋದ ಪಾಕೀಟಿನ ಕಾಲ ಕಂಡುಹಿಡಿಯುವುದು ಈ ಹವ್ಯಾಸದ ಬಹು ದೊಡ್ಡ ಖುಷಿ. ಅದಕ್ಕೆ ಕೆಲವು ಗುರುತುಗಳಿವೆ. ಬೆಲೆ ಆಣೆಯಲ್ಲಿದ್ದರೆ ಅಚ್ಚಾದದ್ದು 1957ರ ಏಪ್ರಿಲ್ 1ಕ್ಕಿಂತ ಮೊದಲು; ಅಂದು ದಶಮಾಂಶ ನಾಣ್ಯ ಬಂತು. ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರವರೆಗಿನ ನಾಣ್ಯದ ಕಾಲ. ಸ್ಟ್ಯಾಂಪು ಆಮೇಲೆಯೂ ಕೆಲ ಕಾಲ ಬಳಕೆಯಲ್ಲಿ ಇರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ವಿಳಾಸದ ಕೊನೆಗೆ ಆರಂಕಿಯ ಪಿನ್ ಇದ್ದರೆ, ಜಮಖಂಡಿಗೆ 587301 ಎಂದು ಬರೆದಿದ್ದರೆ, ಕಾಗದ 1972ರ ಆಗಸ್ಟ್ 15ರ ನಂತರದ್ದು. ಇನ್ನು ಮೂಲ ಸ್ಟ್ಯಾಂಪಿನ ಜೊತೆಗೆ ಕುಟುಂಬ ಯೋಜನೆಯ ಐದು ಪೈಸೆಯ ಪುಟ್ಟ ಚೀಟಿ, ಅದರ ಮೇಲೆ ‘ರೆಫ್ಯೂಜಿ ರಿಲೀಫ್’ ಎಂಬ ಕಪ್ಪು ಅಚ್ಚು ಕಂಡರೆ ಕಾಲ ಬಹಳ ಕರಾರುವಾಕ್ಕಾಗಿ ಸಿಗುತ್ತದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನೆರವಿಗೆಂದು 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆಯವರೆಗೆ ಟಪಾಲಿನ ಮೇಲೆ ಐದು ಪೈಸೆ ಹೆಚ್ಚಿಗೆ ವಸೂಲು ಮಾಡಿದ್ದರು. ಸರಕಾರದ ಚೀಟಿ ಸಾಲದೆ ಬೆಂಗಳೂರೂ ಸೇರಿ ಕೆಲವು ಕಡೆ ಆಯಾ ಊರಲ್ಲೇ ಆ ಅಕ್ಷರ ಒತ್ತಿದರು. ನಮ್ಮ ಮನೆಯ ಪಾಕೀಟಿನ ಮೇಲಿನದು ಯಾವ ಅಚ್ಚು ಎಂದು ಅಕ್ಷರದ ಆಕಾರ ನೋಡಿ ಹುಡುಕುತ್ತ ಒಂದು ಇಡೀ ಮಧ್ಯಾಹ್ನ ಕಳೆಯಬಹುದು.

ಸ್ಟ್ಯಾಂಪಿಗಿಂತ ಹೆಚ್ಚು ಮಾತಾಡುವುದು ಶಿಕ್ಕಾ. ಪಾಕೀಟಿನ ಮುಂದಿನ ಶಿಕ್ಕಾ ಹೊರಟ ಊರಿನದು, ಹಿಂದಿನದು ಮುಟ್ಟಿದ ಊರಿನದು. ಎರಡು ತಾರೀಖಿನ ನಡುವಿನ ಅಂತರವೇ ಆ ಕಾಲದ ಟಪಾಲಿನ ವೇಗ. ಶಿಕ್ಕಾ ಮಸುಕಾಗಿದ್ದರೆ ಕಣ್ಣು ಕಿರಿದು ಮಾಡಿಕೊಂಡು ನೋಡುವ ಬದಲು ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳಿ ಮಾಡಿ, ಬೆಳಕನ್ನು ಹೆಚ್ಚುಕಡಿಮೆ ಮಾಡಿ ನೋಡಿ. ಅಕ್ಷರ ಎದ್ದು ಬರುತ್ತವೆ. ಬೀಳಗಿ ಕಡೆಯವರು ಇಲ್ಲಿ ವಿಶೇಷವಾಗಿ ಮನಸ್ಸು ಕೊಡಬೇಕು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಆ ತಾಲ್ಲೂಕಿನ ಕೃಷ್ಣಾ ದಂಡೆಯ ಎಷ್ಟೋ ಊರುಗಳು ಮುಳುಗಿದವು, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಹಳೆಯ ಊರಿನ ಹೆಸರು, ಓಣಿ ಬರೆದ ಒಂದು ಇನ್‌ಲ್ಯಾಂಡ್ ಆ ಊರಿನಲ್ಲಿ ಯಾರು ಯಾವ ಓಣಿಯಲ್ಲಿದ್ದರು ಎನ್ನುವುದಕ್ಕೆ ಉಳಿದ ಸಾಕ್ಷಿ. ಅದರ ಮೇಲಿರುವುದು ಎಂಥ ಸಾಮಾನ್ಯ ಸ್ಟ್ಯಾಂಪೇ ಆಗಿರಲಿ, ನನ್ನ ಪ್ರಕಾರ ಅದು ಆಲ್ಬಮ್ಮಿನ ಮೊದಲ ಪುಟಕ್ಕೆ ಸಲ್ಲುವ ವಸ್ತು.

ಎಲ್ಲ ಪಾಕೀಟನ್ನೂ ಇಡಿಯಾಗಿ ಇಡಲು ಆಗುವುದಿಲ್ಲ, ಇಡಬೇಕಾಗಿಯೂ ಇಲ್ಲ. ಹುಳ ತಿಂದದ್ದು, ವಿಳಾಸ ಹರಿದುಹೋದದ್ದು, ಬ್ಯಾಂಕು ವಿಮೆ ಕಂಪನಿಗಳ ಕಿಟಕಿ ಕವರು, ಇಂಥವುಗಳಿಂದ ಸ್ಟ್ಯಾಂಪು ಬಿಡಿಸಬಹುದು. ಶಿಕ್ಕಾ ಸ್ಪಷ್ಟವಿದ್ದರೆ ಬಿಡಿಸದೆ, ಸುತ್ತ ಒಂದೊಂದು ಬೆರಳು ಕಾಗದ ಉಳಿಸಿ ಕತ್ತರಿಸಿ ಹಾಗೇ ಇಡಿ.

ಬಿಡಿಸುವ ಕ್ರಮ ಹೀಗೆ. ಸ್ಟ್ಯಾಂಪಿನ ಸುತ್ತ ಕಾಗದ ಬಿಟ್ಟು ಕತ್ತರಿಸಿಕೊಳ್ಳಿ, ಹಲ್ಲಿಗೆ ಕತ್ತರಿ ತಾಗಬಾರದು. ಅಗಲ ಬಾಯಿಯ ಪಾತ್ರೆಯಲ್ಲಿ ತಣ್ಣೀರು ತೆಗೆದುಕೊಳ್ಳಿ. ನಮ್ಮ ಕಡೆ ಬೋರಿನ ನೀರಿನಲ್ಲಿ ಸವಳು ಹೆಚ್ಚು, ಒಣಗಿದ ಮೇಲೆ ಬಿಳಿ ಪೊರೆ ಕೂಡುತ್ತದೆ. ಕುಡಿಯುವ ಫಿಲ್ಟರ್ ನೀರೇ ಒಳ್ಳೆಯದು. ತುಂಡುಗಳನ್ನು ಚಿತ್ರ ಮೇಲಾಗಿ ತೇಲಿಬಿಡಿ. ಒಂದರ ಮೇಲೊಂದು ಬೀಳದಂತೆ ನಾಲ್ಕಾರು ಮಾತ್ರ. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಗೋಂದು ಸಡಿಲಾಗಿ ಸ್ಟ್ಯಾಂಪು ತಾನೇ ಜಾರುತ್ತದೆ. ಜಾರದಿದ್ದರೆ ಎಳೆಯಬೇಡಿ, ಇನ್ನಷ್ಟು ಹೊತ್ತು ಬಿಡಿ. ಎಳೆದರೆ ಹಿಂಬದಿಯ ಕಾಗದ ಪದರು ಕಿತ್ತು ತೆಳುವಾಗುತ್ತದೆ. ಬೆಳಕಿಗೆ ಹಿಡಿದಾಗ ಆ ಜಾಗ ಹೊಳೆಯುತ್ತದೆ. ಸಂಗ್ರಹಕಾರರು ಮೊದಲು ನೋಡುವ ಕೊರತೆಯೇ ಅದು. ಜಾರಿದ ಮೇಲೆ ಹಿಂಬದಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ ಜಿಗುಟು ಪೂರ್ತಿ ತೆಗೆದು, ಬೇರೆ ನೀರಲ್ಲಿ ಒಮ್ಮೆ ಅದ್ದಿ, ಚಿತ್ರ ಕೆಳಗಾಗಿ ಬಟ್ಟೆಯ ಮೇಲೆ ಹಾಕಿ. ಬಟ್ಟೆಯ ವಿಷಯದಲ್ಲಿ ರಬಕವಿ-ಬನಹಟ್ಟಿಯವರಿಗೆ ಒಂದು ಮಾತು: ಮಗ್ಗದಿಂದ ಇಳಿದ ಹೊಸ ಬಟ್ಟೆ ಬೇಡ, ಅದರ ಗಂಜಿ ಒದ್ದೆ ಸ್ಟ್ಯಾಂಪಿಗೆ ಹತ್ತುತ್ತದೆ. ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಧೋತರದ ತುಂಡು ಎಲ್ಲಕ್ಕಿಂತ ಮೇಲು. ಸುದ್ದಿಪತ್ರಿಕೆಯೂ ಬೇಡ, ಶಾಯಿ ಅಂಟುತ್ತದೆ. ನೆರಳಲ್ಲಿ ಮುಕ್ಕಾಲು ಒಣಗಿದಾಗ ದಪ್ಪ ಪುಸ್ತಕದ ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ಒತ್ತಿಡಿ. ಮರುದಿನಕ್ಕೆ ಚಪ್ಪಟೆಯಾಗಿರುತ್ತದೆ.

ನೀರು ಸೋಕಿಸಲೇಬಾರದವು ಕೆಲವಿವೆ. ಕುಂಕುಮ ಬಣ್ಣದ, ಗುಲಾಬಿ ಬಣ್ಣದ ಲಗ್ನಪತ್ರಿಕೆಯ ಕವರು ಬಣ್ಣ ಬಿಟ್ಟು ಸ್ಟ್ಯಾಂಪನ್ನು ಕೆಡಿಸುತ್ತದೆ. ಕೋರ್ಟ್ ಫೀ, ರೆವೆನ್ಯೂ ಚೀಟಿಯ ಮೇಲಿನ ಮಸಿಯ ಸಹಿ ಕರಗಿಹೋಗುತ್ತದೆ. 2006ರ ಡಿಸೆಂಬರ್ 13ರಂದು ಬಂದ ಶ್ರೀಗಂಧದ ಪರಿಮಳದ ಸ್ಟ್ಯಾಂಪು, 2017ರಲ್ಲಿ ಬಂದ ಕಾಫಿ ಪರಿಮಳದ್ದು, 2011ರಲ್ಲಿ ಖಾದಿ ಬಟ್ಟೆಯ ಮೇಲೇ ಅಚ್ಚಾದ ಗಾಂಧೀಜಿಯ ಸ್ಟ್ಯಾಂಪು ಇವನ್ನು ಹೇಗಿವೆಯೋ ಹಾಗೇ ಇಡಬೇಕು.

ಸಲಕರಣೆಗೆ ಹೆಚ್ಚು ಖರ್ಚಿಲ್ಲ. ತುದಿ ಚಪ್ಪಟೆಯಾದ, ಹಲ್ಲಿಲ್ಲದ ಚಿಮಟಾ, ಒಂದು ಭೂತಗನ್ನಡಿ, ಪಾರದರ್ಶಕ ಪಟ್ಟಿಗಳಿರುವ ಸ್ಟಾಕ್ ಬುಕ್ಕು, ಬಟರ್ ಪೇಪರಿನ ಚಿಕ್ಕ ಕವರುಗಳು, ಹಲ್ಲು ಎಣಿಸುವ ಮಾಪಕ. ಸ್ಟ್ಯಾಂಪಿನ ಅಂಚಿನಲ್ಲಿ ಎರಡು ಸೆಂಟಿಮೀಟರ್ ಉದ್ದಕ್ಕೆ ಎಷ್ಟು ತೂತು ಎನ್ನುವುದೇ ಅದರ ಅಳತೆ. ನೋಡಲು ಒಂದೇ ಥರ ಇರುವ ಎರಡು ಸ್ಟ್ಯಾಂಪು ಈ ಅಳತೆಯಲ್ಲಿ ಬೇರೆಯಾಗಿದ್ದರೆ ಅವು ಬೇರೆಯೇ. ಒಳಗಿನ ವಾಟರ್‌ಮಾರ್ಕೂ ಹಾಗೆಯೇ. ಮಕ್ಕಳಿಗೆ ಕಲಿಸಲು 1957ರ ಭಾರತದ ನಕಾಶೆಯ ಸ್ಟ್ಯಾಂಪಿಗಿಂತ ಒಳ್ಳೆಯದಿಲ್ಲ, ಯಾವ ಟ್ರಂಕಿನಲ್ಲಾದರೂ ಹಿಡಿ ತುಂಬ ಸಿಗುತ್ತದೆ. ಮೊದಲು ಅಚ್ಚಾದವುಗಳ ಕಾಗದದಲ್ಲಿ ಸಾಲು ಸಾಲು ನಕ್ಷತ್ರ, 1958ರಿಂದ ಬಂದವುಗಳಲ್ಲಿ ಅಶೋಕಸ್ತಂಭದ ಸಿಂಹಗಳು. ಕಪ್ಪು ಕಾಗದದ ಮೇಲೆ ಚಿತ್ರ ಕೆಳಗಾಗಿ ಇಟ್ಟು ಓರೆಯಾಗಿ ಬೆಳಕು ಬಿಟ್ಟರೆ ಬಹಳಷ್ಟು ಸಲ ಕಾಣುತ್ತದೆ. ಬೆಂಜೀನ್ ಹನಿ ಹಾಕಿ ನೋಡುವ ಪದ್ಧತಿ ಇದೆ. ಅದು ಬೆಂಕಿ ಹಿಡಿಯುವ ವಸ್ತು, ಕೆಲವು ಅಚ್ಚಿನ ಬಣ್ಣವನ್ನೂ ಕೆಡಿಸುತ್ತದೆ. ಮಕ್ಕಳ ಕೈಗೆ ಕೊಡುವುದಲ್ಲ.

ಕಣ್ಣು ಪಳಗಿಸಲು ಇನ್ನೊಂದು ಉದಾಹರಣೆ. 1949ರ ಆಗಸ್ಟ್ 15ರಂದು ಪುರಾತನ ಸ್ಮಾರಕಗಳ ಸರಣಿ ಬಂತು. ವಿಜಾಪುರದ ಗೋಳಗುಮ್ಮಟ ಅದರಲ್ಲಿ ಇದೆ. ಅಂದರೆ ಆಗಿನ ವಿಜಾಪುರ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿಯವರು ತಮ್ಮದೇ ಜಿಲ್ಲೆಯ ಗುಮ್ಮಟ ಅಂಟಿಸಿ ಕಾಗದ ಬರೆದಿದ್ದಾರೆ. ಅದೇ ಸರಣಿಯ ಒಂದಾಣೆ ಸ್ಟ್ಯಾಂಪಿನಲ್ಲಿ ಬೋಧಿಸತ್ವನ ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗಿಬಿಟ್ಟಿತ್ತು. 1950ರಲ್ಲಿ ತಿದ್ದಿದ ಚಿತ್ರ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು, ಮೂರ್ತಿಯ ಕೈ ಯಾವ ಕಡೆ ಇದೆ ನೋಡು ಎಂದು ಹುಡುಗರಿಗೆ ಹೇಳಿ. ಅಲ್ಲಿಂದ ಮುಂದೆ ಅವರು ಯಾವ ಸ್ಟ್ಯಾಂಪನ್ನೂ ಸುಮ್ಮನೆ ದಾಟಿ ಹೋಗುವುದಿಲ್ಲ.

ಕಾಪಾಡುವ ವಿಷಯದಲ್ಲಿ ನಮ್ಮ ಹವೆಗೆ ತಕ್ಕ ಹಾಗೆ ನಡೆಯಬೇಕು. ಬ್ಯಾಸಗಿಯ ನಲವತ್ತು ಡಿಗ್ರಿಯಲ್ಲಿ ಬಳಸದ ಸ್ಟ್ಯಾಂಪಿನ ಗೋಂದು ಒಡೆದು ಸುರುಳಿಯಾಗುತ್ತದೆ, ಮಳೆಗಾಲದಲ್ಲಿ ಅದೇ ಗೋಂದು ಹಾಳೆಗೆ ಹತ್ತುತ್ತದೆ. ಹೊರಗೋಡೆಗೆ ತಾಗಿದ ಕಪಾಟು, ಪತ್ರಾಸಿನ ಕೆಳಗಿನ ಅಟ್ಟ ಎರಡೂ ಬೇಡ. ಮಗ್ಗ ಇರುವ ಮನೆಯಲ್ಲಿ ಹತ್ತಿಯ ದೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ, ಆಲ್ಬಮ್ಮು ಮುಚ್ಚಳದ ಪೆಟ್ಟಿಗೆಯಲ್ಲಿರಲಿ. ಪುಸ್ತಕದಂತೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಅಂಟಿಕೊಳ್ಳುತ್ತವೆ. ಸಿಲಿಕಾ ಜೆಲ್ ಪುಡಿಕೆ ಇಟ್ಟು ಆಗಾಗ ಬದಲಿಸಿ. ಬೇವಿನ ಎಲೆ ಇಡುವುದಾದರೆ ಪೆಟ್ಟಿಗೆಯ ಮೂಲೆಗೆ, ಸ್ಟ್ಯಾಂಪಿಗೆ ತಾಗದಂತೆ. ಕಂದು ಚುಕ್ಕೆ ಎದ್ದ ಸ್ಟ್ಯಾಂಪನ್ನು ಕೂಡಲೇ ಬೇರೆ ಮಾಡಿ, ಆ ಬೂಸು ಪಕ್ಕದ್ದಕ್ಕೂ ಹಬ್ಬುತ್ತದೆ. ಸಾದಾ ಪ್ಲಾಸ್ಟಿಕ್ ಚೀಲ, ಸೆಲೋಟೇಪು, ಸ್ಟೇಪಲ್ ಪಿನ್ನು ಹತ್ತಿರ ಸುಳಿಯಬಾರದು. ಎಲ್ಲಕ್ಕಿಂತ ಕೆಟ್ಟದ್ದು ಲ್ಯಾಮಿನೇಷನ್. ಹಳೆಯ ಕಾಗದ ಉಳಿಸಬೇಕೆಂಬ ಪ್ರೀತಿಯಿಂದಲೇ ಜನ ಅದನ್ನು ಮಾಡಿಸುತ್ತಾರೆ, ಮಾಡಿಸಿದ ಮೇಲೆ ಅದನ್ನು ಬಿಡಿಸುವ ದಾರಿ ಇಲ್ಲ. ದಯವಿಟ್ಟು ಯಾವ ಕಾಗದಕ್ಕೂ ಮಾಡಿಸಬೇಡಿ.

ಟ್ರಂಕಿನ ಮಾಲು ಮುಗಿದ ಮೇಲೆ ಕೊಳ್ಳುವ ಮಾತು ಬರುತ್ತದೆ. ಕಂಡದ್ದೆಲ್ಲ ಕೊಳ್ಳುವುದಕ್ಕಿಂತ ಒಂದು ವಿಷಯ ಹಿಡಿಯುವುದು ಮೇಲು. ನಮ್ಮವರಿಗೆ ವಿಷಯಕ್ಕೆ ಬರವಿಲ್ಲ. ನೇಕಾರರ ಮನೆಯವರಾದರೆ ಮಗ್ಗವನ್ನೇ ಹಿಡಿಯಿರಿ. 1955ರ ಜನವರಿ 26ರಂದು ಬಂದ ಪಂಚವಾರ್ಷಿಕ ಯೋಜನೆಯ ಸರಣಿಯಲ್ಲಿ ಚರಕ ತಿರುಗಿಸುವ ಹೆಂಗಸು, ಕೈಯಿಂದ ನೇಯುವ ಹೆಂಗಸು, ವಿದ್ಯುತ್ ಮಗ್ಗ ಮೂರೂ ಇವೆ. ಬನಹಟ್ಟಿಯ ಓಣಿಗಳಲ್ಲಿ ಕೈಮಗ್ಗದ ಸದ್ದು ಹೋಗಿ ಪಾವರ್‌ಲೂಮಿನ ಸದ್ದು ತುಂಬಿದ್ದನ್ನು ಕಂಡವರಿಗೆ ಆ ಮೂರು ಸ್ಟ್ಯಾಂಪನ್ನು ಒಂದೇ ಸಾಲಿನಲ್ಲಿ ನೋಡುವಾಗ ಮನಸ್ಸು ಭಾರವಾಗುತ್ತದೆ. ಆಮೇಲಿನ ದಿನಬಳಕೆಯ ಸ್ಟ್ಯಾಂಪುಗಳಲ್ಲಿ ಹತ್ತಿ ಗಿಡದ ಒಂದು ರೂಪಾಯಿ,  ನೇಯ್ಗೆಯ ಎರಡು ರೂಪಾಯಿ ಇವೆ. ಕೊನೆಗೆ ಆ ಖಾದಿಯ ಗಾಂಧೀಜಿ. ಒಂದು ಪುಟ್ಟ ಪ್ರದರ್ಶನಕ್ಕೆ ಇಷ್ಟು ಸಾಕು.

ಮುಧೋಳದವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. 2005ರ ಜನವರಿ 9ರಂದು ಭಾರತದ ನಾಯಿ ತಳಿಗಳ ನಾಲ್ಕು ಸ್ಟ್ಯಾಂಪು ಬಂದವು: ಹಿಮಾಲಯದ ಕುರಿನಾಯಿ, ರಾಂಪುರ ಹೌಂಡ್, ರಾಜಪಾಳಯಂ ಮತ್ತು ನಮ್ಮ ಮುಧೋಳ ನಾಯಿ. ಮುಧೋಳ ನಾಯಿಯದು ಐದು ರೂಪಾಯಿಯದು. ಅದನ್ನು ಮುಧೋಳದ ಅಂಚೆ ಕಚೇರಿಯ ಶಿಕ್ಕಾದೊಂದಿಗೆ ಇಟ್ಟುಕೊಂಡವರ ಭಾಗ್ಯ ದೊಡ್ಡದು. 1967ರ ಮೇ 11ರ ಬಸವೇಶ್ವರ, 1977ರ ಕಿತ್ತೂರು ಚೆನ್ನಮ್ಮ, 1960ರಲ್ಲಿ ಬದುಕಿದ್ದಾಗಲೇ ಸ್ಟ್ಯಾಂಪಿನ ಮೇಲೆ ಬಂದ ವಿಶ್ವೇಶ್ವರಯ್ಯ ಹೀಗೆ ಕನ್ನಡ ನಾಡಿನದೇ ಒಂದು ಸಾಲು ಕಟ್ಟಬಹುದು. ಚಿಕ್ಕ ಮಕ್ಕಳಿಗಾದರೆ ಆರನೆಯ ಜಾರ್ಜ್ ಕಾಲದ ಟಪಾಲು ವಾಹನಗಳ ಸಾಲು ಹುಡುಕಿಕೊಡಿ. ಓಟದ ಹರಕಾರ, ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ವಿಮಾನ ಎಲ್ಲ ಅದರಲ್ಲಿವೆ.

ಹೊಸ ಸ್ಟ್ಯಾಂಪು ಕೊಳ್ಳುವುದು ಸುಲಭ. ಸ್ಮರಣಾರ್ಥದವು ಲೆಕ್ಕವಿಟ್ಟು ಅಚ್ಚಾಗುತ್ತವೆ, ಮುಗಿದರೆ ಮತ್ತೆ ಬರುವುದಿಲ್ಲ. ಪ್ರಧಾನ ಅಂಚೆ ಕಚೇರಿಗಳ ಫಿಲಾಟೆಲಿ ಕೌಂಟರಿನಲ್ಲಿ, ಬೆಂಗಳೂರು ಜಿಪಿಒದ ಬ್ಯೂರೊದಲ್ಲಿ ಅಚ್ಚುಬೆಲೆಗೇ ಸಿಗುತ್ತವೆ. ಕನಿಷ್ಠ 200 ರೂಪಾಯಿ ಇಟ್ಟು ಫಿಲಾಟೆಲಿ ಠೇವಣಿ ಖಾತೆ ತೆರೆದರೆ ಹೊಸದು ಬಂದ ಹಾಗೆ ಮನೆಗೇ ಕಳಿಸುತ್ತಾರೆ. ಮೊದಲ ದಿನದ ಲಕೋಟೆಗೆ ದುಡ್ಡು ಸುರಿಯುವುದಕ್ಕಿಂತ, ಸ್ಟ್ಯಾಂಪು ಅಂಟಿಸಿ ಊರಿಂದ ಊರಿಗೆ ನೀವೇ ಕಾಗದ ಬರೆದುಕೊಳ್ಳುವುದು ನನಗೆ ಹೆಚ್ಚು ಸೇರುತ್ತದೆ. ಅಂಚೆ ಮಾಸ್ತರರಿಗೆ ‘ಸಾಹೇಬರ, ಶಿಕ್ಕಾ ಸ್ವಲ್ಪ ಸ್ವಚ್ಛ ಬೀಳೂ ಹಂಗ ಹೊಡೀರಿ’ ಎಂದು ಕೇಳಿಕೊಂಡರೆ ಇಲ್ಲ ಎನ್ನುವವರು ಕಡಿಮೆ. ಬಾದಾಮಿ, ವಿಜಯಪುರದ ಹಾಗಿನ ಊರುಗಳ ಕಚೇರಿಗಳಲ್ಲಿ ಸ್ಮಾರಕದ ಚಿತ್ರವಿರುವ ಕಾಯಂ ಶಿಕ್ಕಾಗಳಿವೆ, ಪ್ರವಾಸಕ್ಕೆ ಹೋದಾಗ ಒಂದು ಕಾರ್ಡಿನ ಮೇಲೆ ಹಾಕಿಸಿಕೊಳ್ಳಿ. ಈ ಕೆಲಸವನ್ನು ಮುಂದೂಡಬೇಡಿ. ಕೌಂಟರಿನಲ್ಲಿ ಈಗ ಬಾರ್‌ಕೋಡ್ ಚೀಟಿಯದೇ ಕಾರಭಾರ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟೂ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಸ್ಟ್ಯಾಂಪು, ಶಿಕ್ಕಾ ಎರಡೂ ಇರುವ ಪಾಕೀಟು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಈ ಸ್ಟ್ಯಾಂಪುಗಳಿಗೆ ದುಡ್ಡೆಷ್ಟು ಬರುತ್ತದೆ ಎಂದು ನೆಂಟರು ಕೇಳುತ್ತಾರೆ. ಇದ್ದದ್ದು ಹೇಳಬೇಕು: ಸ್ವಾತಂತ್ರ್ಯಾನಂತರದ ಬಹುಪಾಲು ಬಳಸಿದ ಸ್ಟ್ಯಾಂಪುಗಳಿಗೆ ಬಿಡಿಯಾಗಿ ಹೆಚ್ಚಿನ ಬೆಲೆಯಿಲ್ಲ. 1948ರ ಆಗಸ್ಟ್ 15ರ ಗಾಂಧೀಜಿಯ ನಾಲ್ಕು ಸ್ಟ್ಯಾಂಪುಗಳಲ್ಲಿ ಹತ್ತು ರೂಪಾಯಿಯದಕ್ಕೆ ಬೆಲೆ ಇದೆ, ಆದ್ದರಿಂದಲೇ ಅದರ ನಕಲಿಗಳೂ ಇವೆ. ಅದೇ ಹತ್ತು ರೂಪಾಯಿಯ ಮೇಲೆ ‘ಸರ್ವಿಸ್’ ಎಂದು ಒತ್ತಿದ್ದು ನೂರೇ ನೂರು. ಅಂಥ ನಾಲ್ಕರ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಸುದ್ದಿ ಓದಿ ಮಕ್ಕಳಿಗೆ ಈ ಹವ್ಯಾಸ ಹಚ್ಚಿದರೆ ಅದು ನಿಲ್ಲುವುದಿಲ್ಲ.

ನಿಲ್ಲುವುದು ಹೇಗೆ? ಹಿರಿಯರ ಆಲ್ಬಮ್ಮನ್ನು ‘ಮುಟ್ಟಬ್ಯಾಡ’ ಎಂದು ಎತ್ತಿಟ್ಟ ಮನೆಗಳಲ್ಲಿ ಹವ್ಯಾಸ ಅವರೊಂದಿಗೇ ಮುಗಿದಿದೆ. ಮಗುವಿಗೆ ಅದರದೇ ಆದ ಒಂದು ಸ್ಟಾಕ್ ಬುಕ್ಕು ಕೊಡಿ, ಮನೆಯಲ್ಲಿ ಜೋಡಿ ಇರುವ ಸ್ಟ್ಯಾಂಪುಗಳನ್ನು ಅದಕ್ಕೆ ಹಾಕಿ. ಹೇಗೆ ಜೋಡಿಸಬೇಕು ಎನ್ನುವುದು ಅದರ ಇಷ್ಟ. ಬಣ್ಣದ ಪ್ರಕಾರ ಜೋಡಿಸಿದರೂ ಸರಿ, ಪ್ರಾಣಿಗಳ ಪ್ರಕಾರವಾದರೂ ಸರಿ. ಹರಿದರೆ ಬಯ್ಯಬೇಡಿ, ಬೆಲೆಯದ್ದನ್ನು ಆಮೇಲೆ ಕೊಟ್ಟರಾಯಿತು. ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಂಚೆ ಇಲಾಖೆಯ ದೀನದಯಾಳ್ ಸ್ಪರ್ಶ್ ಯೋಜನೆ 2017ರಿಂದ ಇದೆ, ಆಯ್ಕೆಯಾದರೆ ವರ್ಷಕ್ಕೆ 6000 ರೂಪಾಯಿ. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಇರಬೇಕು, ಇಲ್ಲವೇ ಮಗುವಿನ ಹೆಸರಲ್ಲಿ ಠೇವಣಿ ಖಾತೆ. ಮೊದಲು ಕ್ವಿಜ್, ಆಮೇಲೆ ನಾಲ್ಕೈದು ಪುಟದ ಒಂದು ಪ್ರಾಜೆಕ್ಟ್. ನಿಮ್ಮ ಶಾಲೆಯಲ್ಲಿ ಕ್ಲಬ್ಬು ಇಲ್ಲದಿದ್ದರೆ ಹೆಡ್‌ಮಾಸ್ತರರನ್ನು ಕಂಡು ಮಾತಾಡಿ, ಶುರು ಮಾಡುವುದು ಕಷ್ಟವಲ್ಲ.

ಎಲ್ಲಕ್ಕಿಂತ ಮುಖ್ಯ, ಒಂದು ಗಟ್ಟಿ ರಟ್ಟಿನ ವಹಿ. ಕೊಂಡದ್ದಾದರೆ ಎಲ್ಲಿ, ಯಾವಾಗ, ಎಷ್ಟು ಕೊಟ್ಟು ಎಂದು ಬರೆಯಿರಿ. ಮನೆಯದಾದರೆ ಬರೆದವರು ಯಾರು, ನಮಗೆ ಏನಾಗಬೇಕು, ಒಳಗಿನ ವಿಷಯ ಏನು ಎಂದು. ನಕಲಿ ಎಂಬ ಅನುಮಾನ ಇದ್ದರೆ ಅದನ್ನೂ ಬರೆಯಿರಿ. ಈ ವಹಿ ಇಲ್ಲದ್ದರಿಂದ ಯಜಮಾನ ತೀರಿಕೊಂಡ ಮೇಲೆ ಒಳ್ಳೊಳ್ಳೆಯ ಸಂಗ್ರಹಗಳು ತೂಕದ ಲೆಕ್ಕದಲ್ಲಿ ಹೋಗಿವೆ. ಮನೆಯಲ್ಲಿ ಪಾಲಾಗುವಾಗ ಆಲ್ಬಮ್ಮನ್ನು ಹಾಳೆ ಹಾಳೆಯಾಗಿ ಹಂಚಬೇಡಿ. ಮಗ್ಗದ ಸಾಲು ಒಬ್ಬರಿಗೆ, ಸಂಸ್ಥಾನದ ಕಾಗದ ಇನ್ನೊಬ್ಬರಿಗೆ ಎಂದು ವಿಷಯದ ಪ್ರಕಾರ ಕೊಡಿ, ಹೆಣ್ಣುಮಕ್ಕಳನ್ನು ಬಿಡಬೇಡಿ, ವಹಿಯ ಜೆರಾಕ್ಸ್ ಎಲ್ಲರಿಗೂ ಇರಲಿ. ಮನೆಯಲ್ಲಿ ಯಾರಿಗೂ ಮನಸ್ಸಿಲ್ಲದಿದ್ದರೆ ಮಾರುವ ಮೊದಲು ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಹಿರಿಯ ಸಂಗ್ರಹಕಾರರಿಗೆ, ಅಥವಾ ರಾಜ್ಯಮಟ್ಟದ ಕರ್ನಾಪೆಕ್ಸ್ ಪ್ರದರ್ಶನ ನಡೆದಾಗ ಅಲ್ಲಿಗೆ ಒಯ್ದು ತೋರಿಸಿ. ಸ್ಟ್ಯಾಂಪುಗಳನ್ನು ಮಾರಬೇಕೆಂದಿದ್ದರೆ ಮಾರಿ. ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳ ಕಾಗದಪತ್ರಗಳನ್ನು ಮಾತ್ರ ಬಿಡಿ ಮಾಡದೆ, ವಹಿಯ ಸಮೇತ ರಾಜ್ಯ ಪತ್ರಾಗಾರ ಇಲಾಖೆಗೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕೊಟ್ಟು ಪೋಚು ಪಡೆಯಿರಿ.